ನೆಲದ ಹೊದಿಕೆ ಹೇಳುವ ಕಥೆ

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಪಹಣಿಯೊಂದಿದ್ದರೆ ಅದನ್ನು ಒಮ್ಮೆ ಬಿಡಿಸಿ ನೋಡಿ. ಸರ್ವೆ ನಂಬರು, ವಿಸ್ತೀರ್ಣ, ಕಂದಾಯಗಳ ನಡುವೆ ಖುಷ್ಕಿ, ತರಿ, ಬಾಗಾಯ್ತು, ಖರಾಬು ಎಂಬ ಪದಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಮಳೆಯನ್ನು ನಂಬಿದ ಹೊಲ ಖುಷ್ಕಿ. ನೀರು ನಿಲ್ಲುವ ಗದ್ದೆ ತರಿ. ತೋಟದ ನೆಲ ಬಾಗಾಯ್ತು. ಉಳುಮೆಗೆ ಒದಗದ್ದು ಅಥವಾ ಊರಿಗೆಂದು ಬಿಟ್ಟದ್ದು ಖರಾಬು. ಕಂದಾಯವನ್ನು ನಿಗದಿ ಮಾಡಲೆಂದು ಹುಟ್ಟಿದ ಈ ಪದಗಳು ತಮಗೆ ಅರಿವಿಲ್ಲದೆಯೇ ಮತ್ತೊಂದು ಕೆಲಸವನ್ನೂ ಮಾಡಿವೆ. ಆ ನೆಲದ ಮೈಮೇಲೆ ಯಾವ ಹೊದಿಕೆ ಇತ್ತು ಎಂಬುದನ್ನು ಅವು ದಾಖಲಿಸಿಟ್ಟಿವೆ.

ವಿಜ್ಞಾನಿಗಳು ಇಂದು ಭೂಹೊದಿಕೆ ಎಂದು ಕರೆಯುವುದು ಇದನ್ನೇ. ಕಾಡು, ಕುರುಚಲು, ಹುಲ್ಲುಗಾವಲು, ಹೊಲ, ಗದ್ದೆ, ಕೆರೆ, ಬಂಡೆ, ಕಟ್ಟಡ, ಹೀಗೆ ಭೂಮಿ ಏನನ್ನು ಹೊದ್ದುಕೊಂಡಿದೆಯೋ ಅದು ಭೂಹೊದಿಕೆ. ಮನುಷ್ಯನು ಪರಿಸರವನ್ನು ಎಷ್ಟು ಕದಡಿದ್ದಾನೆ ಎಂಬುದನ್ನು ನೇರವಾಗಿ ತೂಗಲು ತಕ್ಕಡಿಯಿಲ್ಲ. ಆದರೆ ಹೊದಿಕೆ ಹೇಗೆ ಬದಲಾಯಿತೆಂಬುದನ್ನು ಅಳೆಯಬಹುದು. ಅದರಿಂದ ಕದಡುವಿಕೆಯ ಪ್ರಮಾಣವನ್ನು ಊಹಿಸಬಹುದು. ಈ ಅಳತೆಯ ಚರಿತ್ರೆಯನ್ನು ತಿಳಿಯಲು ನಾವು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಸೀಮೆಯೇ, ಅಲ್ಲಿನ ಹೆಡತಲೆಯಂತಹ ಹಳೆಯ ಊರುಗಳೇ ನಮಗೆ ಸಾಕು.

ಕಲ್ಲಿನ ಕೊಡಲಿಯಿಂದ ಕಲ್ಲಿನ ಚಾವಡಿಯವರೆಗೆ

ಕಾವೇರಿ, ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ 1959ರಲ್ಲಿ ಉತ್ಖನನ ಆರಂಭವಾಯಿತು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ನವಶಿಲಾಯುಗದ ಜನರ ನೆಲೆ ಅಲ್ಲಿ ಬೆಳಕಿಗೆ ಬಂದಿತು. ಬೂದುಬಣ್ಣದ ಮಡಕೆಗಳು, ಶವಸಂಸ್ಕಾರದ ಕುರುಹುಗಳು, ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು ದೊರೆತವು. ಆ ಕೊಡಲಿಯನ್ನು ಕುರಿತು ಒಂದು ಕ್ಷಣ ಯೋಚಿಸಿರಿ. ಕೊಡಲಿ ಇದ್ದಲ್ಲಿ ಕಡಿಯಲು ಮರವಿತ್ತು, ಮರ ಕಡಿದಲ್ಲಿ ಬಯಲಾಯಿತು, ಬಯಲಿನಲ್ಲಿ ಬೇಸಾಯವೂ ದನಕರುಗಳೂ ಬಂದವು. ಈ ಸೀಮೆಯಲ್ಲಿ ಮನುಷ್ಯನು ನೆಲದ ಹೊದಿಕೆಯನ್ನು ಬದಲಿಸಿದ್ದಕ್ಕೆ ಸಿಗುವ ಹಳೆಯ ಸಾಕ್ಷಿಗಳಲ್ಲಿ ಆ ನಯವಾದ ಕಲ್ಲೂ ಒಂದು.

ಹೆಡತಲೆಗೆ ಹೋದರೆ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವನ್ನು ಕಾಣುವಿರಿ. ಅಲ್ಲಿಯ ‘ಹದಿನಾರು ಮುಖದ ಚಾವಡಿ’ ಹೆಸರಾದದ್ದು. ಭೀಮಣ್ಣ ದಣ್ಣಾಯಕನು ತನ್ನ ಹದಿನಾರು ಮಂದಿ ಅಳಿಯಂದಿರು ಸಮಾನ ಗೌರವದಿಂದ ಕುಳಿತುಕೊಳ್ಳಲೆಂದು ಅದನ್ನು ಕಟ್ಟಿಸಿದನೆಂಬುದು ಪ್ರತೀತಿ. ಕಥೆ ಹೇಗೇ ಇರಲಿ, ಅಂತಹ ಕಲ್ಲಿನ ಕಟ್ಟಡ ಎದ್ದು ನಿಲ್ಲಬೇಕಾದರೆ ಶಿಲ್ಪಿಗಳಿಗೂ ಕೂಲಿಗಳಿಗೂ ಉಣಬಡಿಸುವಷ್ಟು ಮಿಗುತಾಯದ ಧಾನ್ಯ ಸುತ್ತಲ ಬಯಲಿನಲ್ಲಿ ಬೆಳೆಯುತ್ತಿರಬೇಕು. ಆ ಹೊತ್ತಿಗೆ ಈ ಸೀಮೆ ಕಾಡಿನ ಅಂಚಾಗಿ ಉಳಿದಿರಲಿಲ್ಲ. ಹೊಲ, ಗದ್ದೆ, ಕೆರೆಗಳ ನಾಡಾಗಿತ್ತು.

ಇದಕ್ಕೆ ಶಾಸನಗಳೇ ಸಾಕ್ಷಿ. ಬಿ.ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ನಾಡಿನ ದಾನಶಾಸನಗಳಲ್ಲಿ ಗದ್ದೆ, ಬೆದ್ದಲು, ತೋಟ ಎಂಬ ವಿಂಗಡಣೆ ಮತ್ತೆ ಮತ್ತೆ ಬರುತ್ತದೆ. ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವಾಗ ಹಳ್ಳ, ಹುತ್ತ, ಹುಣಿಸೆಮರ, ಬಂಡೆ, ಕೆರೆಯ ಕೋಡಿಗಳ ಹೆಸರು ಬರುತ್ತದೆ. ನೆಲವನ್ನು ಅಳೆದದ್ದು ಅದರಲ್ಲಿ ಬಿತ್ತಬಹುದಾದ ಬೀಜದಿಂದ: ಇಷ್ಟು ಖಂಡುಗ ಗದ್ದೆ, ಇಷ್ಟು ಕೊಳಗ ಬೆದ್ದಲು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ನಮ್ಮ ಎಕರೆಗೆ ನೆಲದ ಸಾರ ಗೊತ್ತಿಲ್ಲ. ಖಂಡುಗಕ್ಕೆ ಅದು ಗೊತ್ತಿತ್ತು.

ದಾನ ಕೊಡುವಾಗ ಎಣಿಸುತ್ತಿದ್ದ ಎಂಟು ಹಕ್ಕುಗಳನ್ನೂ ಗಮನಿಸಬೇಕು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವುಗಳಲ್ಲಿ ಕೊನೆಯ ಎರಡು ನಮ್ಮ ವಿಷಯಕ್ಕೆ ಮುಖ್ಯ. ಈಗಾಗಲೇ ಕೈಗೆ ಬಂದಿರುವುದು ಸಿದ್ಧ. ಮುಂದೆ ಪಡೆಯಬಹುದಾದದ್ದು ಸಾಧ್ಯ. ಕಾಡು, ಪಾಳು, ಹುಲ್ಲುನೆಲಗಳೆಲ್ಲ ಮುಂದೆಂದೋ ಹೊಲವಾಗಬಲ್ಲ ಸಾಧ್ಯವಾಗಿದ್ದವು. ಆ ಕಾಲಕ್ಕೆ ಅದು ತಪ್ಪೇನಲ್ಲ. ಜನ ಕಡಿಮೆ, ನೆಲ ಹೆಚ್ಚು. ಆದರೆ ಸಾಧ್ಯವೆಲ್ಲವೂ ಸಿದ್ಧವಾಗಿಬಿಟ್ಟ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆ ಶಾಸನಗಳು ಕೇಳಬೇಕಾಗಿರಲಿಲ್ಲ. ನಾವು ಕೇಳಬೇಕಾಗಿದೆ.

ತಲಕಾಡಿನ ಮರಳು

ನೆಲದ ಹೊದಿಕೆ ಬದಲಾದುದನ್ನು ಜನರು ಶಾಪದ ಭಾಷೆಯಲ್ಲಿ ನೆನಪಿಟ್ಟುಕೊಂಡ ಸ್ಥಳವೊಂದು ಇದೇ ಸೀಮೆಯಲ್ಲಿದೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿ, ಆಮೇಲೆ ಚೋಳರ ಕೈಸೇರಿ, ಹೊಯ್ಸಳ ವಿಷ್ಣುವರ್ಧನನ ಗೆಲುವಿನ ನೆನಪಿಗೆ 1117ರಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಪಡೆದ ಪಟ್ಟಣ. ಅದು ಮರಳಿನಡಿ ಹೂತುಹೋಯಿತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಮೈಸೂರಿನ ರಾಜ ಒಡೆಯರ ಕಾಲದಲ್ಲಿ ಅಲಮೇಲಮ್ಮ ಎಂಬಾಕೆ ಕಾವೇರಿಗೆ ಹಾರುವ ಮುನ್ನ ಕೊಟ್ಟ ಶಾಪದಿಂದ ಹೀಗಾಯಿತೆಂಬ ಕಥೆಯನ್ನು ನೀವೆಲ್ಲ ಕೇಳಿದ್ದೀರಿ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ, ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯನವರು ಈ ಕಥೆಯನ್ನು ಪರಿಸರದ ದೃಷ್ಟಿಯಿಂದ ಪರಿಶೀಲಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವಮಂತ್ರಿ ತಲಕಾಡಿನ ಬಳಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದನು. ನದಿಯ ನೀರು ಒಡ್ಡಿನ ಹಿಂದೆ ನಿಂತು ಕಾಲುವೆಗೆ ತಿರುಗಿದಾಗ, ಕೆಳಗಿನ ತಿರುವಿನಲ್ಲಿ ಮರಳಿನ ಪಾತ್ರ ಬಯಲಾಯಿತು. ಒಣಗಿದ ಆ ಮರಳನ್ನು ಬೀಸುಗಾಳಿ ಎತ್ತಿ ದಡದ ಪಟ್ಟಣದ ಮೇಲೆ ಸುರಿಯತೊಡಗಿತು. ಒಂದೆಡೆ ಸಾವಿರಾರು ಜನರಿಗೆ ಅನ್ನ ಕೊಟ್ಟ ಒಡ್ಡು ಮತ್ತೊಂದೆಡೆ ಊರನ್ನೇ ಹೂಳಿತು ಎಂಬುದು ಅವರ ವಾದದ ಸಾರ. ನೆಲದೊಳಗಿನ ಸ್ತರಭಂಗ, ನದಿಯ ಹರಿವಿನ ಬದಲಾವಣೆಗಳೂ ಕಾರಣವೆಂದು ಕೆಲವು ಭೂವಿಜ್ಞಾನಿಗಳು ಹೇಳುತ್ತಾರೆ. ವಾದ ಮುಗಿದಿಲ್ಲ. ಆದರೆ ಗಣೇಶಯ್ಯನವರ ವಾದದಲ್ಲಿ ನಮಗೊಂದು ಪಾಠವಿದೆ: ಒಂದು ಕಡೆ ಮಾಡಿದ ಕೆಲಸದ ಫಲ ಇನ್ನೊಂದು ಕಡೆ, ಇನ್ನೊಂದು ತಲೆಮಾರಿಗೆ ಕಾಣಿಸಿಕೊಳ್ಳಬಹುದು. ಅಳತೆಪಟ್ಟಿ ಇಲ್ಲದ ಜನ ಅದನ್ನು ಶಾಪವೆಂದು ಕರೆದರೆ ಆಶ್ಚರ್ಯವೇನು?

ಸರ್ವೆಯವರು ಬಂದರು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ನಾಡನ್ನು ಅಳೆಯುವ ಕೆಲಸ ಹೊಸ ರೀತಿಯಲ್ಲಿ ಆರಂಭವಾಯಿತು. ಕಾಲಿನ್ ಮೆಕೆಂಜಿ ಮೈಸೂರು ಸರ್ವೆಯನ್ನು ಕೈಗೊಂಡು ನಕ್ಷೆಗಳನ್ನೂ ಊರೂರಿನ ಕೈಫಿಯತ್ತುಗಳನ್ನೂ ಸಂಗ್ರಹಿಸಿದನು. ಫ್ರಾನ್ಸಿಸ್ ಬುಕಾನನ್ 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ, ಯಾವ ನೆಲದಲ್ಲಿ ಯಾವ ಬೆಳೆ, ನೀರು ಎಲ್ಲಿಂದ, ಪಾಳು ಬಿದ್ದದ್ದು ಎಷ್ಟು ಎಂದು ಬರೆದುಕೊಂಡನು. ಅವನ ಪ್ರವಾಸಗ್ರಂಥ 1807ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದಿತು. ಯುದ್ಧಗಳಿಂದ ಜನ ಚದುರಿ ಹೊಲಗಳು ಪಾಳುಬಿದ್ದ ಚಿತ್ರ ಅದರಲ್ಲಿ ಹಲವೆಡೆ ಬರುತ್ತದೆ. ನೆಲದ ಹೊದಿಕೆ ಒಂದೇ ದಿಕ್ಕಿಗೆ ಬದಲಾಗುವುದಿಲ್ಲ. ಮನುಷ್ಯ ಹಿಂದೆ ಸರಿದಲ್ಲಿ ಕುರುಚಲು ಮುಂದೆ ಬರುತ್ತದೆ.

1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾಗಿ, ಪ್ರತಿ ಹೊಲಕ್ಕೂ ಒಂದು ನಂಬರು ಬರತೊಡಗಿತು. ನಮ್ಮ ಪಹಣಿಯ ಬೇರು ಅಲ್ಲಿದೆ. ಆ ಕೆಲಸ ನಡೆಯುತ್ತಿದ್ದಾಗಲೇ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದಿತು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ನೀರಾವರಿಯ ಚರಿತ್ರೆಯನ್ನು ಓದುವಾಗ ಈ ಎರಡು ಅಂಕಿಗಳನ್ನು ಮರೆಯಬಾರದು. ಅಣೆಕಟ್ಟುಗಳನ್ನು ಕಟ್ಟಿದವರು ಪರಿಸರದ ವೈರಿಗಳಾಗಿರಲಿಲ್ಲ. ಹಸಿವನ್ನು ಕಣ್ಣಾರೆ ಕಂಡವರ ಮಕ್ಕಳಾಗಿದ್ದರು.

ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ಕಬಿನಿಯ ಉಪನದಿ ನುಗುವಿಗೆ 1950ರ ದಶಕದ ಕೊನೆಯಲ್ಲಿ ಜಲಾಶಯವಾಯಿತು. 1974ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 19.52 ಟಿಎಂಸಿ ಸಾಮರ್ಥ್ಯದ ಕಬಿನಿ ಜಲಾಶಯ ಪೂರ್ಣಗೊಂಡಿತು. ಅದರ ಕಾಲುವೆಗಳಿಂದ ನಂಜನಗೂಡು, ತಿರುಮಕೂಡಲು ನರಸೀಪುರ, ಚಾಮರಾಜನಗರ ಸೀಮೆಗಳ ಎಷ್ಟೋ ಖುಷ್ಕಿ ಹೊಲಗಳು ತರಿಯಾದವು. ರಾಗಿ, ಜೋಳ, ಹುರುಳಿಗಳ ಬಯಲಿನಲ್ಲಿ ಭತ್ತ ನಿಂತಿತು.

ಈ ಹಸಿರಿನ ಲೆಕ್ಕವನ್ನು ನಂಜನಗೂಡಿನಲ್ಲೇ ಮುಗಿಸುವಂತಿಲ್ಲ. ಕಬಿನಿಯ ನೀರು ನಿಂತದ್ದು ಕಾಕನಕೋಟೆಯ ಕಾಡಿನ ಮೇಲೆ. ಮೈಸೂರು ಮಹಾರಾಜರ ಕಾಲದಿಂದ ಆನೆಗಳನ್ನು ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಡು ಅದು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಬಿದಿರು ಮೆಳೆಗಳ ನದೀಕಣಿವೆಯೂ ಅಲ್ಲಿದ್ದ ಹಳ್ಳಿಗಳೂ ಹಾಡಿಗಳೂ ಮುಳುಗಿದವು, ಜನ ಎತ್ತಂಗಡಿಯಾದರು. ಇಂದು ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಚಿಗುರುವ ಹುಲ್ಲಿಗೆ ನೂರಾರು ಆನೆಗಳು ಸೇರುತ್ತವೆ, ಅದನ್ನು ನೋಡಲು ಪ್ರವಾಸಿಗರೂ ಸೇರುತ್ತಾರೆ. ನಮ್ಮ ತಟ್ಟೆಯ ಅನ್ನದ ಹಿಂದೆ ನಾವು ಕಾಣದ ಕಣಿವೆಯೊಂದಿದೆ.

ಆಕಾಶದಿಂದ ಕಂಡ ಗುಂಟೆ

ಕಬಿನಿ ಜಲಾಶಯ ತುಂಬುವುದಕ್ಕೆ ಎರಡು ವರ್ಷ ಮೊದಲು, 1972ರ ಜುಲೈ 23ರಂದು, ಅಮೆರಿಕ ದೇಶವು ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹವನ್ನು ಹಾರಿಸಿತು. ಭಾರತವು ತನ್ನ ಐಆರ್‌ಎಸ್-1ಎ ಉಪಗ್ರಹವನ್ನು 1988ರ ಮಾರ್ಚ್ 17ರಂದು, ರಿಸೋರ್ಸ್‌ಸ್ಯಾಟ್-1 ಅನ್ನು 2003ರಲ್ಲಿ ಹಾರಿಸಿತು. ಇವು ಕಳುಹಿಸುವ ಚಿತ್ರ ಸಣ್ಣ ಸಣ್ಣ ಚೌಕಗಳಿಂದ ಕೂಡಿರುತ್ತದೆ. ಮೊದಲ ಲ್ಯಾಂಡ್‌ಸ್ಯಾಟಿನ ಒಂದು ಚೌಕವೆಂದರೆ ನೆಲದ ಮೇಲೆ ಸುಮಾರು ಒಂದೂವರೆ ಎಕರೆ. 1980ರ ದಶಕದ ಲ್ಯಾಂಡ್‌ಸ್ಯಾಟಿಗೆ ಅದು 30 ಮೀಟರಿನ ಚೌಕ, ಎಂದರೆ ಸುಮಾರು ಒಂಬತ್ತು ಗುಂಟೆ. 2015ರಲ್ಲಿ ಯೂರೋಪಿನವರು ಹಾರಿಸಿದ ಸೆಂಟಿನೆಲ್-2ರ ಚೌಕ 10 ಮೀಟರಿನದು. ಹೆಚ್ಚು ಕಡಿಮೆ ಒಂದು ಗುಂಟೆ. ಶಾನುಭೋಗರು ಲೆಕ್ಕ ಹಾಕುತ್ತಿದ್ದ ಗುಂಟೆಯನ್ನು ಈಗ ಆಕಾಶದಿಂದ ಎಣಿಸಬಹುದು.

ಉಪಗ್ರಹಕ್ಕೆ ಬೆಳೆ ಹೇಗೆ ಗೊತ್ತಾಗುತ್ತದೆ? ಜೀವಂತ ಎಲೆ ಸೂರ್ಯನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಈ ಎರಡರ ನಡುವಣ ಅಂತರ ಹೆಚ್ಚಿದಷ್ಟೂ ಹಸಿರು ಹೆಚ್ಚು. ಬರಿನೆಲ, ನೀರು, ಕಟ್ಟಡಗಳಿಗೆ ಬೇರೆ ಬೇರೆ ಗುರುತುಗಳಿವೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವೂ ಬೆಂಗಳೂರಿನ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವೂ ಇಂತಹ ಚಿತ್ರಗಳಿಂದ ಭೂಹೊದಿಕೆಯ ನಕ್ಷೆಗಳನ್ನು ಸಿದ್ಧಪಡಿಸುತ್ತವೆ. 1985, 1995, 2005ರ ಇಡೀ ಭಾರತದ ಭೂಹೊದಿಕೆಯನ್ನು ಒಂದೇ ಮಾದರಿಯಲ್ಲಿ ಗುರುತಿಸಿ ಹೋಲಿಸಿದ ಕಾರ್ಯವೂ ನಡೆದಿದೆ.

ಇನ್ನು ಕದಡುವಿಕೆಯ ಅಳತೆ. ಫಿನ್ಲೆಂಡಿನ ಸಸ್ಯವಿಜ್ಞಾನಿ ಜಾಕ್ಕೋ ಜಲಾಸ್ 1955ರಲ್ಲಿ ‘ಹೆಮೆರೋಬಿ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟನು. ನೆಲವೊಂದನ್ನು ಮನುಷ್ಯ ಎಷ್ಟು ಪಳಗಿಸಿದ್ದಾನೆ ಎಂಬುದರ ಮಟ್ಟ ಅದು. ಅದರ ಒಳತಿರುಳನ್ನು ಒಂದು ಕಲ್ಪಿತ ಊರಿನಿಂದ ತಿಳಿಯೋಣ. ಕುರುಚಲು ಕಾಡಿಗೆ 1, ಹುಲ್ಲುಗಾವಲಿಗೆ 2, ಖುಷ್ಕಿಗೆ 3, ತರಿಗೆ 4, ಮನೆ-ರಸ್ತೆ-ಕಾರ್ಖಾನೆಗಳಿಗೆ 5 ಎಂದು ಅಂಕ ಕೊಡಿ. ಸಾವಿರ ಎಕರೆಯ ಆ ಊರಿನಲ್ಲಿ ಹಿಂದೆ 300 ಎಕರೆ ಕುರುಚಲು, 200 ಹುಲ್ಲು, 400 ಖುಷ್ಕಿ, 80 ತರಿ, 20 ಮನೆಮಠಗಳಿದ್ದವು ಎಂದುಕೊಳ್ಳಿ. ಪ್ರತಿಯೊಂದನ್ನೂ ಅದರ ಅಂಕದಿಂದ ಗುಣಿಸಿ, ಕೂಡಿ, ಸಾವಿರದಿಂದ ಭಾಗಿಸಿದರೆ 2.32 ಬರುತ್ತದೆ. ಕಾಲುವೆ ಬಂದ ಮೇಲೆ 100 ಕುರುಚಲು, 50 ಹುಲ್ಲು, 350 ಖುಷ್ಕಿ, 400 ತರಿ, 100 ಕಟ್ಟಡವಾದರೆ ಅದೇ ಲೆಕ್ಕ 3.35 ಆಗುತ್ತದೆ. ಬೇಸಿಗೆಯ ಚಿತ್ರದಲ್ಲಿ ಆ ಊರು ಮೊದಲಿಗಿಂತ ಹಸಿರಾಗಿ ಕಾಣಬಹುದು. ಆದರೆ ಮೊದಲಿಗಿಂತ ಬಹಳ ಹೆಚ್ಚು ಕದಡಿಹೋಗಿದೆ. ಹಸಿರೆಲ್ಲ ಒಂದೇ ಅಲ್ಲ ಎಂಬ ಮಾತನ್ನು ಈ ಸರಳ ಗುಣಾಕಾರ ತೋರಿಸಿಕೊಡುತ್ತದೆ.

ಅಳತೆಗೆ ಸಿಗದದ್ದು

ಈ ಅಳತೆಗೂ ಮಿತಿಯಿದೆ. ತಲಕಾಡಿನ ಮರಳನ್ನು ಹಿಡಿದು ನಿಲ್ಲಿಸಲು ನೆಟ್ಟ ನೀಲಗಿರಿ ಮರಗಳು ಉಪಗ್ರಹಕ್ಕೆ ಹಸಿರು ತೋಪಾಗಿ ಕಾಣುತ್ತವೆ. ಅದರಡಿಯಲ್ಲಿ ಹೂತ ಪಟ್ಟಣ ಕಾಣುವುದಿಲ್ಲ. ನಂಜನಗೂಡಿನ ರಸಬಾಳೆಯನ್ನೇ ತೆಗೆದುಕೊಳ್ಳಿ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಆ ಹಣ್ಣು ಪನಾಮ ಸೊರಗು ರೋಗದಿಂದಾಗಿ ತನ್ನ ತವರಿನಲ್ಲೇ ಅಪರೂಪವಾಯಿತು. ಆ ತೋಟದಲ್ಲಿ ಬೇರೆ ತಳಿಯ ಬಾಳೆ ಬಂದರೆ ನಕ್ಷೆಯಲ್ಲಿ ಬಾಗಾಯ್ತು ಬಾಗಾಯ್ತಾಗಿಯೇ ಉಳಿಯುತ್ತದೆ. ಬಾಯಿಯ ರುಚಿ ಮಾತ್ರ ಹೋಗಿರುತ್ತದೆ. ಅತಿಯಾದ ನೀರಿನಿಂದ ಗದ್ದೆ ಜೌಗಾಗಿ, ಚೌಳು ಮೇಲೆ ಬಂದರೂ ಮೊದಲ ಕೆಲವು ವರ್ಷ ಚಿತ್ರದಲ್ಲಿ ಅದು ಗದ್ದೆಯೇ. ನೆಲದ ಒಡಲಲ್ಲಿ ಇಳಿಯುವ ಅಂತರ್ಜಲ ಯಾವ ಬಣ್ಣದಲ್ಲೂ ತೋರುವುದಿಲ್ಲ.

ಈ ಎಲ್ಲ ಬದಲಾವಣೆಗಳಲ್ಲಿ ಸದ್ದಿಲ್ಲದೆ ಕರಗಿದ್ದು ಗೋಮಾಳ ಮತ್ತು ಗುಂಡುತೋಪು. ಊರಿನ ನೂರು ದನಗಳಿಗೆ 30 ಎಕರೆಯಂತೆ ಗೋಮಾಳ ಬಿಡಬೇಕೆಂದು ಕರ್ನಾಟಕದ ಕಂದಾಯ ನಿಯಮ ಹೇಳುತ್ತದೆ. ಹಳೆಯ ದಾಖಲೆಯಲ್ಲಿ ಹುಲ್ಲುಬನ್ನಿ, ಗೋಮಾಳ, ತೋಪು ಎಂದಿದ್ದ ನೆಲ ಎಷ್ಟೋ ಊರುಗಳಲ್ಲಿ ಹೊಲವಾಗಿದೆ, ನಿವೇಶನವಾಗಿದೆ. ಅದನ್ನು ಕಳೆದುಕೊಂಡವರು ಯಾರು? ನಾಲ್ಕು ಎಕರೆ ಇದ್ದವನಿಗೆ ತನ್ನ ಬದುವಿನ ಹುಲ್ಲಾದರೂ ಇದೆ. ಅಂಗೈಯಗಲ ನೆಲವಿಲ್ಲದೆ ಎರಡು ಆಡು, ಒಂದು ಹಸುವನ್ನು ನಂಬಿ ಬಾಳುವ ಮನೆಗೆ ಊರ ಗೋಮಾಳವೇ ಹೊಲ, ತೋಪೇ ಸೌದೆಯ ಕೊಟ್ಟಿಗೆ. ಭೂಹೊದಿಕೆಯ ಬದಲಾವಣೆಯಲ್ಲಿ ಬಡವನ ಪಾಲು ಮೊದಲು ಹೋಗುತ್ತದೆ ಎಂಬ ಸಂಗತಿ ಯಾವ ಸೂಚ್ಯಂಕದಲ್ಲೂ ಅಂಕಿಯಾಗಿ ಬರುವುದಿಲ್ಲ.

ಆದ್ದರಿಂದ ಓದುಗರೇ, ಈ ಅಳತೆಯನ್ನು ವಿಜ್ಞಾನಿಗಳಿಗಷ್ಟೇ ಬಿಡಬೇಡಿ. ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು, ಅವರ ಬಾಲ್ಯದಲ್ಲಿ ಊರಿನ ನಾಲ್ಕು ದಿಕ್ಕಿನಲ್ಲಿ ಏನೇನಿತ್ತೆಂದು ಕೇಳಿ, ಮಕ್ಕಳ ಕೈಯಲ್ಲಿ ಒಂದು ನಕ್ಷೆ ಬರೆಯಿಸಿ. ತೋಪು ಎಲ್ಲಿತ್ತು, ಹಳ್ಳದಲ್ಲಿ ಎಷ್ಟು ತಿಂಗಳು ನೀರಿತ್ತು, ದನಗಳು ಯಾವ ದಾರಿಯಲ್ಲಿ ಮೇಯಲು ಹೋಗುತ್ತಿದ್ದವು ಎಂಬುದನ್ನು ಗುರುತಿಸಿ. ಪಕ್ಕದಲ್ಲಿ ಇಂದಿನ ಉಪಗ್ರಹ ಚಿತ್ರವನ್ನಿಡಿ. ಲ್ಯಾಂಡ್‌ಸ್ಯಾಟಿನ ಹಳೆಯ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿವೆ. ಮಕ್ಕಳು ಅವನ್ನು ಹುಡುಕಿ ತೆಗೆಯಬಲ್ಲರು. ಹಿರಿಯರ ನೆನಪು, ಮನೆಯ ಪಹಣಿ, ಆಕಾಶದ ಚಿತ್ರ, ಈ ಮೂರನ್ನು ಒಟ್ಟಿಗೆ ಓದಿದಾಗ ಊರಿನ ನಿಜವಾದ ಚರಿತ್ರೆ ಕಾಣಿಸುತ್ತದೆ.

ಇದು ಕಾಲುವೆಯನ್ನು ಹಳಿಯುವುದಕ್ಕಲ್ಲ. ಈಶ್ವರ ಸಂವತ್ಸರದ ಹಸಿವಿಗೆ ಮರಳಬೇಕೆಂದು ಯಾರೂ ಬಯಸಲಾರರು. ಆದರೆ ಪಹಣಿಯಲ್ಲಿ ‘ಬ ಖರಾಬು’ ಎಂಬ ಒಂದು ಅಂಕಣವಿದೆ. ದಾರಿ, ಹಳ್ಳ, ಕೆರೆ, ಸ್ಮಶಾನಗಳಂತೆ ಎಲ್ಲರಿಗೂ ಸೇರಿದ, ಯಾರೂ ಉಳಬಾರದ ನೆಲವನ್ನು ಅದರಡಿ ಬರೆಯುತ್ತಾರೆ. ನಿಮ್ಮ ಸರ್ವೆ ನಂಬರಿನಲ್ಲಿ ಅದು ಎಷ್ಟು ಗುಂಟೆ ಎಂದು ಬರೆದಿದೆಯೋ ನೋಡಿ. ಆಮೇಲೆ ಹೊಲಕ್ಕೆ ಹೋಗಿ, ಅಷ್ಟು ಗುಂಟೆ ಅಲ್ಲಿ ಈಗಲೂ ಇದೆಯೇ ಎಂದು ಹೆಜ್ಜೆಯಿಟ್ಟು ಅಳೆಯಿರಿ.